ಗಾನಸೇವೆಯ ಅಂತರಂಗ

ಪರಮಾತ್ಮನು ನಿರವಯವನೆಂದು ಜ್ಞಾನಿಗಳೆಲ್ಲರೂ ಹೇಳುವರು. ಅವಯವಗಳೇ ಇಲ್ಲದವನಿಗೆ ಕಿವಿ ಎಲ್ಲಿಯದು? ಕಿವಿಯಿಲ್ಲದವನ ಮುಂದೆ ಹಾಡುವುದೇಕೆ? ಅವನು ಸರ್ವಜ್ಞನಾಗಿದ್ದರೆ ನಮ್ಮ ಮನದ ಮಾತು ನಾಲಗೆಗೆ ಬರುವ ಮೊದಲೇ ಅವನಿಗೆ ತಿಳಿದಿರಬೇಕು. ತಿಳಿದವನಿಗೆ ಮತ್ತೆ ರಾಗಕಟ್ಟಿ ತಿಳಿಸುವುದು ಯಾವ ಪುರುಷಾರ್ಥ? ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ರಾತ್ರಿ ಹುಮನಾಬಾದದ ತರುಣ ಶಿಕ್ಷಕರೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯಿದು. ಅವರಲ್ಲಿ ಕುಚೋದ್ಯವಿರಲಿಲ್ಲ. ಆ ದಿನ ಸಭೆಯಲ್ಲಿ ವಚನಗಾಯನ ಬಹು ಸೊಗಸಾಗಿ ನಡೆದಿತ್ತು, ಜನರು ತಲೆದೂಗಿದ್ದರು. ಮನೆಗೆ ಹೊರಟಾಗ ತಮ್ಮಲ್ಲಿ ಏನು ಉಳಿಯಿತೆಂದು ನೋಡಿಕೊಂಡರೆ ರಾಗವೊಂದೇ ಉಳಿದಿತ್ತಂತೆ, ಬೇರೇನೂ ಉಳಿದಿರಲಿಲ್ಲವಂತೆ. ಅದರಿಂದ ಅವರಿಗೆ ಭಯವಾಗಿತ್ತು.

ಇಂಥ ಭಯ ಹುಟ್ಟುವುದು ಒಳ್ಳೆಯದು. ಪೂಜೆಯಲ್ಲಿ ಹಾಡು ಇರಬೇಕೆಂಬುದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಪ್ರಶ್ನಿಸದೆ ಒಪ್ಪಿದ ಆಚಾರವು ಕಾಲಾಂತರದಲ್ಲಿ ಅಲಂಕಾರವಾಗುತ್ತದೆ. ಅಲಂಕಾರ ಹೆಚ್ಚಿದಂತೆ ಒಳಗಿನ ಮೂರ್ತಿ ಕಾಣದಾಗುತ್ತದೆ. ಆದಕಾರಣ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡು ಪರಂಪರೆಗಳ ಸಾಕ್ಷ್ಯವನ್ನು ಕೇಳೋಣ. ಒಂದು ನಮ್ಮ ಕಲ್ಯಾಣದ್ದು. ಇನ್ನೊಂದು, ಗಾನವನ್ನು ಪೂಜೆಯ ಪ್ರಾಣವೆಂದು ಬಗೆದು, ಅದೇ ಗಾನವನ್ನು ಅತಿ ಕಠೋರವಾಗಿ ಪರೀಕ್ಷಿಸಿದ ಯೆಹೂದ್ಯರದು.

ಕಲ್ಯಾಣದಲ್ಲಿ ಈ ಪ್ರಶ್ನೆ ಹನ್ನೆರಡನೆಯ ಶತಮಾನದಲ್ಲಿಯೇ ಎದ್ದಿತ್ತು. ಶಿವನು ನಾದಪ್ರಿಯನೆಂಬುದು ಪುರಾಣಪ್ರಸಿದ್ಧವಾದ ಮಾತು. ರಾವಣನು ಹಾಡಿ ಒಲಿಸಿಕೊಂಡನೆಂಬ ಕಥೆ ಯಾರಿಗೆ ತಿಳಿಯದು? ಬಸವಣ್ಣನವರು ಆ ಕಥೆಯನ್ನೇ ಎತ್ತಿಕೊಂಡು, ನಾದಕ್ಕೂ ವೇದಕ್ಕೂ ಒಲಿಯುವವನಲ್ಲ ಕೂಡಲಸಂಗಮನು, ಭಕ್ತಿಯೊಂದಕ್ಕೇ ಒಲಿಯುವನು ಎಂಬ ಸಿದ್ಧಾಂತವನ್ನು ನಿಲ್ಲಿಸಿದರು. ಆದರೆ ಹಾಡನ್ನು ಅವರು ತಳ್ಳಿಹಾಕಲಿಲ್ಲ. ಇನ್ನೊಂದು ವಚನದಲ್ಲಿ, ತಾಳದ ಅಳತೆಯಾಗಲಿ ಗಾನಶಾಸ್ತ್ರದ ಭೇದವಾಗಲಿ ತಮಗೆ ತಿಳಿಯದೆಂದು ಒಪ್ಪಿಕೊಂಡು, ಪ್ರೀತಿಯನ್ನೇ ತಮ್ಮ ಹಾಡಿಗೆ ಅಳತೆಗೋಲನ್ನಾಗಿ ಮಾಡಿಕೊಂಡರು. ಮತ್ತೊಂದರಲ್ಲಿ ತಮ್ಮ ಶರೀರವನ್ನೇ ತಂತಿವಾದ್ಯವನ್ನಾಗಿ ಮಾಡಿಕೊಂಡು ನುಡಿಸಬೇಕೆಂದು ದೇವರನ್ನು ಬೇಡಿದರು. ಈ ಮೂರು ವಚನಗಳನ್ನು ಬಿಡಿಬಿಡಿಯಾಗಿ ಓದಿದರೆ ವಿರೋಧವಿರುವಂತೆ ತೋರುತ್ತದೆ. ಒಟ್ಟಿಗಿಟ್ಟು ಓದಿದರೆ ಏನು ಕಾಣುವುದೆಂಬುದನ್ನು ಮುಂದೆ ನೋಡೋಣ.

ಅದೇ ಕಲ್ಯಾಣದಲ್ಲಿ ಕಿನ್ನರಿ ಬ್ರಹ್ಮಯ್ಯನೆಂಬ ಶರಣನಿದ್ದನು. ಮೊದಲು ಅಕ್ಕಸಾಲಿಗನಾಗಿದ್ದು, ಬಳಿಕ ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವುದನ್ನೇ ಕಾಯಕವಾಗಿ ಸ್ವೀಕರಿಸಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದನೆಂದು ಪುರಾತನ ಕಾವ್ಯಗಳು ಹೇಳುತ್ತವೆ. ಅವನಿಗೂ ಬಸವಣ್ಣನವರಿಗೂ ನಡುವೆ ನಡೆದ ಉಳ್ಳಿಯ ಪ್ರಸಂಗ ಪ್ರಸಿದ್ಧವಾದುದು. ಉಳ್ಳಿಯನ್ನು ಕುರಿತು ಬಸವಣ್ಣನವರು ಹಗುರವಾಗಿ ಆಡಿದ ಮಾತಿನಿಂದ ಬ್ರಹ್ಮಯ್ಯನು ನೊಂದು ದೂರವಾದನು. ಬಸವಣ್ಣನವರು ತಮ್ಮ ತಪ್ಪನ್ನರಿತು, ಅದೇ ಉಳ್ಳಿಗೆ ಸನ್ಮಾನ ಮಾಡಿ ಅವನನ್ನು ಮರಳಿ ಕರೆತಂದರು. ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ವಾದ್ಯಗಾರನ ಮುಂದೆ ಬಾಗಿದರು. ಈ ಪ್ರಸಂಗವನ್ನು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಹೇಳುವವರಿಗೆ ಅದು ತಾಕಲು ಮಾತ್ರ ಬಹುಕಾಲ ಬೇಕಾಯಿತು.

ಆ ಸಂಗತಿಯನ್ನು ಮುಚ್ಚಿಟ್ಟು ಈ ಲೇಖನವನ್ನು ಮುಂದುವರಿಸುವುದು ನ್ಯಾಯವಲ್ಲ. ಸುಮಾರು ಇಪ್ಪತ್ತೈದು ವರುಷಗಳ ಹಿಂದಿನ ಮಾತು. ಪಾಠಶಾಲೆಯ ಸಂಸ್ಕೃತಾಭ್ಯಾಸ, ಧಾರವಾಡದಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ ಎರಡೂ ಮುಗಿದಿದ್ದವು. ಸಣ್ಣದೊಂದು ಮಠದ ಹೊಣೆ ಹೊಸದಾಗಿ ನಮ್ಮ ಮೇಲೆ ಬಂದಿತ್ತು. ಸೋಮವಾರದ ಶಿವಾನುಭವ ಗೋಷ್ಠಿಗೆ ಹುಮನಾಬಾದ ಸೀಮೆಯ ಹಳ್ಳಿಯಿಂದ ಮುದುಕಿಯೊಬ್ಬಳು ತಪ್ಪದೆ ಬರುತ್ತಿದ್ದಳು. ಕೂಲಿಯಿಂದ ಬದುಕುವವಳು. ಗೋಷ್ಠಿಯ ಆರಂಭದಲ್ಲಿ ಯಾರೂ ಹೇಳದೆಯೇ ವಚನವೊಂದನ್ನು ಹಾಡುತ್ತಿದ್ದಳು. ಶ್ರುತಿ ಸೇರುತ್ತಿರಲಿಲ್ಲ, ಶಬ್ದಗಳು ಕೆಲವೆಡೆ ಅಪಭ್ರಂಶವಾಗಿದ್ದವು, ಬೀಸುವ ಕಲ್ಲಿನ ಹಾಡಿನ ಧಾಟಿಯಲ್ಲಿ ವಚನ ಹೊರಬರುತ್ತಿತ್ತು. ಒಂದು ದಿನ ನಗರದಿಂದ ಸುಶಿಕ್ಷಿತ ಗಾಯಕರು ಬಂದಿದ್ದರು. ಆಕೆ ಎಂದಿನಂತೆ ದನಿಯೆತ್ತಿದಳು. ನಾವು ಕೈಯೆತ್ತಿ, ‘ತಾಯಿ, ಇಂದು ಬಲ್ಲವರು ಹಾಡಲಿ’ ಎಂದೆವು. ಮೃದುವಾಗಿಯೇ ಅಂದೆವು, ಸಭೆ ಮುಗುಳ್ನಕ್ಕಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಳು, ಮಂಗಳದವರೆಗೂ ಕುಳಿತಿದ್ದು ವಿಭೂತಿ ತೆಗೆದುಕೊಂಡು ಹೋದಳು. ಮತ್ತೆ ಬರಲಿಲ್ಲ. ಬರಲಿಲ್ಲವೆಂಬುದು ನಮ್ಮ ಗಮನಕ್ಕೆ ಬಂದುದು ಕೆಲವು ತಿಂಗಳ ಮೇಲೆ. ತಪ್ಪು ಎಷ್ಟೆಂಬುದಕ್ಕೆ ಆ ವಿಳಂಬವೇ ಸಾಕ್ಷಿ.

ನಮ್ಮ ಕಣ್ಣು ತೆರೆಯಿಸಿದುದರಲ್ಲಿ ಯೆಹೂದ್ಯ ಗ್ರಂಥಗಳ ಪಾಲೂ ಇದೆ. ತೌಲನಿಕ ಧರ್ಮದ ಅಭ್ಯಾಸಕ್ಕೆಂದು ಅವನ್ನು ಓದಲು ಹೊರಟಾಗ ಮೊದಲು ನಮ್ಮನ್ನು ತಡೆದು ನಿಲ್ಲಿಸಿದುದು ಒಂದು ಶಬ್ದ. ದಾವೀದ ರಾಜನು ನುಡಿಸುತ್ತಿದ್ದ ತಂತಿವಾದ್ಯಕ್ಕೆ ಹೀಬ್ರೂ ಭಾಷೆಯಲ್ಲಿ ಕಿನ್ನೋರ್ ಎಂದು ಹೆಸರು. ನಮ್ಮ ಬ್ರಹ್ಮಯ್ಯನದು ಕಿನ್ನರಿ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಇತಿಹಾಸವನ್ನು ಕಟ್ಟುವುದು ವಿದ್ವಾಂಸರಿಗೆ ಒಪ್ಪುವ ಕೆಲಸವಲ್ಲ. ಆದರೂ ಯೆರೂಸಲೇಮಿನ ಕಿನ್ನೋರಿಗೂ ಕಲ್ಯಾಣದ ಕಿನ್ನರಿಗೂ ಎದುರಾದ ಪ್ರಶ್ನೆ ಒಂದೇ ಆಗಿತ್ತೆಂಬುದನ್ನು ನೆನೆದರೆ ಮನಸ್ಸಿಗೆ ಹಿತವಾಗುತ್ತದೆ.

ಯೆಹೂದ್ಯರ ಪವಿತ್ರ ಗ್ರಂಥದಲ್ಲಿ 150 ಸ್ತೋತ್ರಗಳ ಸಂಪುಟವೊಂದಿದೆ. ಅದನ್ನು ಅವರು ತೆಹಿಲ್ಲೀಮ್, ಅಂದರೆ ಸ್ತುತಿಗಳು ಎಂದು ಕರೆಯುವರು. ಕನ್ನಡಕ್ಕೆ ತಂದವರು ‘ಕೀರ್ತನೆಗಳು’ ಎಂಬ ನಮ್ಮದೇ ಶಬ್ದವನ್ನು ಆರಿಸಿಕೊಂಡರು. ಬೀದರ ಸೀಮೆಯ ಕ್ರೈಸ್ತ ಬಂಧುಗಳಿಗೆ ಇಂದಿಗೂ ಅದೇ ಹೆಸರು. ಇವುಗಳಲ್ಲಿ 73ರ ಶಿರೋಲೇಖದಲ್ಲಿ ದಾವೀದನ ಹೆಸರಿದೆ. ಯೆರೂಸಲೇಮಿನ ದೇವಾಲಯದಲ್ಲಿ ಈ ಕೀರ್ತನೆಗಳನ್ನು ಹಾಡುವ ಹೊಣೆ ಲೇವಿ ಕುಲದವರದು. ವಾರದ ಏಳು ದಿನಗಳಿಗೆ ಏಳು ಕೀರ್ತನೆಗಳು ಗೊತ್ತಾಗಿದ್ದವು. ಹಾಡುವ ವೇದಿಕೆಯ ಮೇಲೆ ಹನ್ನೆರಡು ಮಂದಿಗಿಂತ ಕಡಿಮೆ ಇರಕೂಡದೆಂಬ ವಿಧಿಯನ್ನು ಮಿಷ್ನಾ ಎಂಬ ಧರ್ಮಸಂಹಿತೆ ದಾಖಲಿಸಿದೆ. ಇಪ್ಪತ್ತೈದನೆಯ ವಯಸ್ಸಿಗೆ ಬಂದ ಲೇವಿಯನು ಐದು ವರುಷ ಕಲಿತು ಮೂವತ್ತಕ್ಕೆ ಸೇವೆಗೆ ನಿಲ್ಲುತ್ತಿದ್ದನೆಂದೂ, ದೇವಾಲಯದಲ್ಲಿ ಅವನನ್ನು ಅನರ್ಹನನ್ನಾಗಿಸುತ್ತಿದ್ದುದು ವಯಸ್ಸಲ್ಲ, ಕೆಟ್ಟ ಕಂಠವೆಂದೂ ತಾಲ್ಮುದ್ ವಿವರಿಸುತ್ತದೆ. ಸಂತೋಷದಿಂದ ಮಾಡುವ ದೇವರ ಸೇವೆ ಯಾವುದೆಂದು ಪ್ರಶ್ನಿಸಿಕೊಂಡು, ಅದು ಗಾನವೇ ಎಂದು ಉತ್ತರಿಸಿದ ಪಂಡಿತರೂ ಅಲ್ಲಿದ್ದಾರೆ. ಗಾನದಲ್ಲಿ ಮುಖ್ಯವಾದುದು ಕಂಠವೋ ವಾದ್ಯವೋ ಎಂಬ ಚರ್ಚೆಯೂ ಅಲ್ಲಿ ನಡೆದಿದೆ.

ಇದನ್ನು ಓದಿದಾಗ ಮೊದಲು ನಮಗೆ ಸಮಾಧಾನವೇ ಆಯಿತು. ಕಂಠ ಕೆಟ್ಟವನು ವೇದಿಕೆಯಿಂದ ಇಳಿಯಬೇಕೆಂದು ಅಷ್ಟು ದೊಡ್ಡ ಪರಂಪರೆಯೇ ಹೇಳಿರುವಾಗ ನಾವು ಮಾಡಿದ್ದರಲ್ಲಿ ತಪ್ಪೇನು? ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಅದೇ ಗ್ರಂಥದಲ್ಲಿ ಆಮೋಸನೆಂಬ ಪ್ರವಾದಿಯ ಮಾತುಗಳಿವೆ. ಕ್ರಿ. ಪೂ. ಎಂಟನೆಯ ಶತಮಾನದ ಈತನು ಪುರೋಹಿತನಲ್ಲ, ಗಾಯಕನಲ್ಲ. ಕುರಿ ಕಾಯುವುದು, ಅತ್ತಿ ಜಾತಿಯ ಮರದ ಕಾಯಿಗಳನ್ನು ಹದಗೊಳಿಸುವುದು ಅವನ ಕಾಯಕ. ಬಡವರನ್ನು ಅಲ್ಪ ಬೆಲೆಗೆ ಮಾರುವವರು, ತಕ್ಕಡಿಯಲ್ಲಿ ಮೋಸಮಾಡುವವರು ಉತ್ಸವದ ದಿನ ವಾದ್ಯಮೇಳದೊಡನೆ ಸ್ತುತಿ ಹಾಡುವುದನ್ನು ಅವನು ಕಂಡನು. ಅಂಥವರ ಹಾಡು ದೇವರಿಗೆ ಗದ್ದಲವೆಂದೂ, ಅದನ್ನು ದೂರಕ್ಕೆ ಒಯ್ಯಬೇಕೆಂದೂ, ಹಾಡಿಗೆ ಬದಲು ನ್ಯಾಯವು ಬತ್ತದ ಹೊಳೆಯಾಗಿ ಹರಿಯಬೇಕೆಂದೂ ದೇವರ ಹೆಸರಿನಲ್ಲಿ ಸಾರಿದನು. ನಾದಪ್ರಿಯನಲ್ಲ ಎಂಬ ಬಸವಣ್ಣನವರ ಮಾತಿಗೆ ಸುಮಾರು ಎರಡು ಸಾವಿರ ವರುಷಗಳ ಹಿಂದೆ, ಮತ್ತೊಂದು ನೆಲದಲ್ಲಿ, ಮತ್ತೊಬ್ಬ ಕಾಯಕಜೀವಿಯ ಬಾಯಲ್ಲಿ ಬಂದ ಸಾಕ್ಷ್ಯವಿದು. ದೇವರು ಹಾಡನ್ನು ಮಾತ್ರವೇ ಕೇಳುವುದಿಲ್ಲ. ಹಾಡುವವನ ತಕ್ಕಡಿಯ ಸದ್ದನ್ನೂ ಕೇಳುತ್ತಾನೆ.

ಮುಂದೆ ದೇವಾಲಯವೇ ಇಲ್ಲವಾಯಿತು. ಕ್ರಿ. ಪೂ. 586ರಲ್ಲಿ ಬಾಬಿಲೋನಿಯದವರು ಮೊದಲನೆಯ ದೇವಾಲಯವನ್ನೂ, ಕ್ರಿ. ಶ. 70ರಲ್ಲಿ ರೋಮನರು ಎರಡನೆಯದನ್ನೂ ನಾಶಮಾಡಿದರು. ಬಾಬಿಲೋನಿಯದ ಸೆರೆಯನ್ನು ನೆನೆಯುವ ಕೀರ್ತನೆಯೊಂದರಲ್ಲಿ, ಸೆರೆಹಿಡಿದವರು ವಿನೋದಕ್ಕಾಗಿ ದೇವರ ಹಾಡೊಂದನ್ನು ಹಾಡಿರೆಂದು ಕೇಳುವರು; ಸೆರೆಯಾಳುಗಳು ತಮ್ಮ ಕಿನ್ನೋರುಗಳನ್ನು ಹೊಳೆದಂಡೆಯ ಮರಗಳಿಗೆ ತೂಗುಹಾಕಿ ಮೌನವಾಗುವರು. ದೇವಗಾನವನ್ನು ಮನರಂಜನೆಗೆ ಒಪ್ಪಿಸಲಾರೆವೆಂಬ ನಿರಾಕರಣೆಯದು. ಅದೇ ಕೀರ್ತನೆ ಭೀಕರವಾದ ಪ್ರತೀಕಾರದ ನುಡಿಯಲ್ಲಿ ಮುಗಿಯುತ್ತದೆ. ಯೆಹೂದ್ಯರು ಆ ಭಾಗವನ್ನು ಅಳಿಸಲಿಲ್ಲ. ಹೃದಯದಲ್ಲಿ ಇದ್ದುದನ್ನು ಇದ್ದಂತೆಯೇ ದೇವರ ಮುಂದೆ ಇಟ್ಟರು. ಸುಂದರವಾದುದನ್ನು ಮಾತ್ರ ದೇವರಿಗೆ ತೋರಿಸಬೇಕೆಂಬ ನಿಯಮ ಗಾನದಲ್ಲಿಲ್ಲ.

ಎರಡನೆಯ ದೇವಾಲಯ ಬಿದ್ದ ಮೇಲೆ ಲೇವಿಯರ ವೇದಿಕೆ ಹೋಯಿತು. ಶೋಕದ ಗುರುತಾಗಿ ಪ್ರಾರ್ಥನಾಮಂದಿರದಲ್ಲಿ ವಾದ್ಯಗಳನ್ನು ಬಿಟ್ಟರು; ಕಂಠ ಉಳಿಯಿತು. ಬಲಿಯ ಸ್ಥಾನಕ್ಕೆ ಪ್ರಾರ್ಥನೆ ಬಂದಿತು. ಅದನ್ನು ‘ಹೃದಯದ ಸೇವೆ’ ಎಂದು ಕರೆದರು. ಈ ಹೊಸ ಸೇವೆಯಲ್ಲಿ ಮುಂದೆ ನಿಂತು ಪ್ರಾರ್ಥಿಸುವವನು ಎಂಥವನಾಗಿರಬೇಕು? ಬರಗಾಲದ ಉಪವಾಸದ ದಿನಗಳನ್ನು ಕುರಿತು ತಾಲ್ಮುದ್ ಲಕ್ಷಣಗಳ ಪಟ್ಟಿಯೊಂದನ್ನು ಕೊಡುತ್ತದೆ. ಹೊಲದಲ್ಲಿ ದುಡಿಮೆಯುಳ್ಳವನು, ಆದರೆ ಮನೆ ಬರಿದಾಗಿರುವವನು, ಯೌವನವನ್ನು ಕಳಂಕವಿಲ್ಲದೆ ಕಳೆದವನು, ವಿನಯವುಳ್ಳವನು, ಜನರಿಗೆ ಒಪ್ಪಿಗೆಯಾದವನು. ಇಷ್ಟಾದ ಮೇಲೆ ಇಂಪಾದ ದನಿಯ ಮಾತು ಬರುತ್ತದೆ. ಇಲ್ಲಿಯ ಅನುಕ್ರಮವನ್ನು ಗಮನಿಸಬೇಕು. ಇಂಪನ್ನು ಬೇಡವೆನ್ನಲಿಲ್ಲ, ಬೆವರು ಮತ್ತು ವಿನಯಗಳ ಹಿಂದೆ ನಿಲ್ಲಿಸಿದರು. ಮಳೆಯಿಲ್ಲದೆ ಕಂಗೆಟ್ಟ ಜನರ ಪರವಾಗಿ ಬೇಡುವವನಿಗೆ ಹಸಿವು ಗೊತ್ತಿರಬೇಕು, ಮೊದಲು ಅದು, ಆಮೇಲೆ ರಾಗ. ಈ ಪಟ್ಟಿಯನ್ನು ಓದಿದ ದಿನ ನಮ್ಮ ಕಣ್ಣಮುಂದೆ ನಿಂತವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದ ಆ ತಾಯಿ. ಅಂದಿನ ಸಭೆಯಲ್ಲಿ ಆ ಲಕ್ಷಣಗಳುಳ್ಳವರನ್ನು ಹುಡುಕಿದ್ದರೆ ಕೈಯೆತ್ತಿ ತಡೆದ ನಾವು ಸಿಕ್ಕುತ್ತಿರಲಿಲ್ಲ, ಆಕೆಯೇ ಸಿಕ್ಕುತ್ತಿದ್ದಳು.

ಕಲ್ಯಾಣಕ್ಕೂ ಒಂದು ಚದುರುವಿಕೆಯಿದೆ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಹೋದರು. ಚೆನ್ನಬಸವಣ್ಣನವರೊಡನೆ ವಚನದ ಕಟ್ಟುಗಳು ಉಳವಿಯ ಕಡೆಗೆ ಸಾಗಿದುವೆಂಬುದು ಪರಂಪರೆಯ ನಂಬುಗೆ. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಪ್ರಕಟಿಸುವವರೆಗಿನ ದೀರ್ಘಕಾಲದಲ್ಲಿ ವಚನಗಳನ್ನು ಕಾಪಾಡಿದವರು ಮಠಗಳ ಲಿಪಿಕಾರರು ಮಾತ್ರವಲ್ಲ, ಓದುಬಾರದ ನಾಲಗೆಗಳೂ ಹೌದು. ಬೀಸುವ ಕಲ್ಲಿನ ಧಾಟಿಯಲ್ಲಿ ವಚನ ಹಾಡುವವಳು ವಚನವನ್ನು ಕೆಡಿಸುತ್ತಿದ್ದಾಳೆಂದು ನಾವು ಭಾವಿಸಿದ್ದೆವು. ಆ ಧಾಟಿಯೂ ಒಂದು ತಾಳೆಗರಿಯೆಂಬುದು ಹೊಳೆಯಲಿಲ್ಲ.

ಇದಕ್ಕೆ ಭಾರತದ ಯೆಹೂದ್ಯರಲ್ಲಿಯೇ ಉದಾಹರಣೆಯಿದೆ. ಕೊಚ್ಚಿಯ ಯೆಹೂದ್ಯ ಸ್ತ್ರೀಯರು ಮದುವೆಗಳಲ್ಲಿ, ಹಬ್ಬಗಳಲ್ಲಿ ಮಲಯಾಳದ ಹಾಡುಗಳನ್ನು ಹಾಡುತ್ತಿದ್ದರು. ಅವನ್ನು ಕೈಬರಹದ ಪುಸ್ತಕಗಳಲ್ಲಿ ಇಳಿಸಿಕೊಂಡು ತಾಯಿಯಿಂದ ಮಗಳಿಗೆ ದಾಟಿಸಿದರು. ಪುರುಷರೆದುರು ಸ್ತ್ರೀಯರು ಹಾಡಬಾರದೆಂಬ ಕಟ್ಟಳೆ ಯೆಹೂದ್ಯರಲ್ಲಿ ಹಲವೆಡೆ ಇದ್ದರೂ ಕೊಚ್ಚಿಯಲ್ಲಿ ಅದು ಅವರ ದನಿಯನ್ನು ಅಡಗಿಸಲಿಲ್ಲ. 1950ರ ದಶಕದಲ್ಲಿ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದಾಗ ಆ ಪುಸ್ತಕಗಳೂ ಹೋದುವು. ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರ ಕಥೆ ನಮಗೆ ಇನ್ನೂ ಹತ್ತಿರದ್ದು. ಅವರದು ಗಾಣದ ಕಾಯಕ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಗಾಣದ ಕನ್ನಪ್ಪನನ್ನು ಶರಣನೆಂದು ಗೌರವಿಸುವ ನಮಗೆ ಈ ಹೆಸರು ಆತ್ಮೀಯವಾಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅವರು ಮರಾಠಿ ಕೀರ್ತನದ ರೂಪವನ್ನೇ ತೆಗೆದುಕೊಂಡು, ಅಬ್ರಹಾಮ ಮೊದಲಾದ ತಮ್ಮ ಪೂರ್ವಿಕರ ಚರಿತ್ರೆಯನ್ನು ಅದರಲ್ಲಿ ಹಾಡಿದರು.

ಕೀರ್ತನದ ಆ ರೂಪ ಹುಮನಾಬಾದದವರಿಗೆ ಹೊಸದಲ್ಲ. ಊರ ಬದಿಯ ಮಾಣಿಕನಗರದಲ್ಲಿ ಅದರ ದನಿ ಕೇಳಿಯೇ ಈ ನಾಡು ಬೆಳೆದಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಎಲ್ಲ ಮತಗಳನ್ನೂ ಗೌರವಿಸುವ ಸಕಲಮತವನ್ನು ಬೋಧಿಸಿದರು. ದತ್ತಜಯಂತಿಯ ದರ್ಬಾರಿನಲ್ಲಿ ಹೆಸರಾಂತ ಗಾಯಕರು ಹಾಡುವುದನ್ನು ಸೇವೆಯೆಂದೇ ಭಾವಿಸುವರು. ಹೀಗೆ ಹಾಡು ಒಂದು ಮತದ ಬೇಲಿಯನ್ನು ದಾಟಿ ಮತ್ತೊಂದರ ಅಂಗಳಕ್ಕೆ ಹೋಗಬಲ್ಲದು. ಸಿದ್ಧಾಂತಕ್ಕೆ ಆ ಸ್ವಾತಂತ್ರ್ಯ ಅಷ್ಟು ಸುಲಭವಾಗಿ ದೊರೆಯದು.

ಈಗ ಮೂಲ ಪ್ರಶ್ನೆಗೆ ಹಿಂತಿರುಗೋಣ. ಕಿವಿಯಿಲ್ಲದವನ ಮುಂದೆ ಹಾಡುವುದೇಕೆ? ಉತ್ತರ ದೊರೆಯದಿರುವುದು ಪ್ರಶ್ನೆಯನ್ನು ತಪ್ಪಾಗಿ ಇಟ್ಟುಕೊಂಡುದರಿಂದ. ನಾವು ಗಾಯಕರು, ದೇವರು ಶ್ರೋತೃ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೇವೆ. ಯೆಹೂದ್ಯರ ಗ್ರಂಥದಲ್ಲಿ ಎಲೀಷನೆಂಬ ಪ್ರವಾದಿಯ ಪ್ರಸಂಗವೊಂದಿದೆ. ದೇವರ ಮಾತನ್ನು ತಿಳಿಯಬೇಕಾದಾಗ ಅವನು ವಾದ್ಯಗಾರನನ್ನು ಕರೆಸುತ್ತಾನೆ. ವಾದ್ಯಗಾರನು ನುಡಿಸುತ್ತಿರುವಾಗ ದೇವರ ಹಸ್ತವು ಎಲೀಷನ ಮೇಲೆ ಬರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹಬ್ಬಿದ ಹಸಿದೀ ಎಂಬ ಭಕ್ತಿಪಂಥದ ಗುರು, 1772ರಲ್ಲಿ ತೀರಿಕೊಂಡ ದೋವ್ ಬೇರ್, ಈ ಪ್ರಸಂಗಕ್ಕೆ ಹೊಸ ಅರ್ಥ ಹೇಳಿದನೆಂದು ಆ ಪರಂಪರೆ ನೆನೆಯುತ್ತದೆ. ಹೀಬ್ರೂ ಶಬ್ದಗಳ ಶ್ಲೇಷೆಯನ್ನು ಹಿಡಿದು ಅವನು ತೆಗೆದ ಭಾವವಿದು: ನುಡಿಸುವವನು ತಾನೇ ವಾದ್ಯದಂತೆ ಆದಾಗ, ಆಗ ದೇವರ ಹಸ್ತವು ಅವನ ಮೇಲೆ ಬರುವುದು. ವಾದ್ಯಕ್ಕೆ ‘ನಾನು ಚೆನ್ನಾಗಿ ನುಡಿದೆ’ ಎಂಬ ಅಹಂಕಾರವಿಲ್ಲ.

ಬಸವಣ್ಣನವರು ತಮ್ಮ ಕಾಯವನ್ನೇ ವಾದ್ಯವಾಗಿ ಒಪ್ಪಿಸಿದುದರ ಮರ್ಮ ಇಲ್ಲಿ ತೆರೆಯುತ್ತದೆ. ಅಲ್ಲಿ ದೇವರು ಶ್ರೋತೃವಲ್ಲ, ವಾದಕನು. ಹಾಗಿರುವಾಗ ಅವನಿಗೆ ಕಿವಿಯುಂಟೋ ಇಲ್ಲವೋ ಎಂಬ ಪ್ರಶ್ನೆಯೇ ಏಳದು. ನಾವು ಅವನ ಬೆರಳಿಗೆ ಒದಗುವ ತಂತಿಯಾಗಿದ್ದೇವೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಮೊದಲು ಹೇಳಿದ ಮೂರು ವಚನಗಳ ವಿರೋಧವೂ ಇಲ್ಲಿ ಕರಗುತ್ತದೆ. ನಾದದಿಂದ ದೇವರನ್ನು ಕೊಳ್ಳಲಾಗದು, ಆದುದರಿಂದ ಅವನು ನಾದಪ್ರಿಯನಲ್ಲ. ಶಾಸ್ತ್ರದ ಅಳತೆ ವಾದಕನಿಗೆ ಬೇಕಾದುದು, ವಾದ್ಯಕ್ಕಲ್ಲ; ಆದುದರಿಂದ ಪ್ರೀತಿಯೊಂದೇ ಸಾಕು. ವಾದ್ಯವು ಹದವಾಗಿರಬೇಕು, ಆದುದರಿಂದ ಕಾಯವೇ ಶುದ್ಧವಾಗಬೇಕು. ಕಾಯವನ್ನು ಶುದ್ಧಗೊಳಿಸುವುದು ಕಾಯಕ, ದಾಸೋಹ, ಸದಾಚಾರ. ಕಳ್ಳ ತಕ್ಕಡಿ ಹಿಡಿದ ಕೈ ಬಿರುಕುಬಿಟ್ಟ ಸೋರೆಯಂತೆ. ಎಂಥ ರಾಗ ಹಾಡಿದರೂ ಅದು ಒಡಕು ನುಡಿಯುತ್ತದೆ.

ಕೀರ್ತನೆಗಳ ಸಂಪುಟದ ಕೊನೆಯ ಕೀರ್ತನೆಯಲ್ಲಿ ಕೊಂಬು, ತಂತಿ, ಕೊಳಲು, ತಾಳ ಎಂದು ವಾದ್ಯಗಳ ಮೇಳವೇ ಸೇರುತ್ತದೆ. ಎಲ್ಲ ವಾದ್ಯಗಳೂ ಮುಗಿದ ಮೇಲೆ ಕಟ್ಟಕಡೆಗೆ ಬರುವುದು ಉಸಿರು. ಹೀಬ್ರೂವಿನಲ್ಲಿ ಜೀವಕ್ಕೂ ಉಸಿರಿಗೂ ಒಂದೇ ಧಾತುವಿನ ಶಬ್ದಗಳು, ನಮ್ಮ ‘ಪ್ರಾಣ’ದಂತೆಯೇ. ಪ್ರಾಣಲಿಂಗದ ಅನುಸಂಧಾನವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿದೀ ಪಂಥದವರು ಶಬ್ದವಿಲ್ಲದ ‘ನಿಗ್ಗುನ್’ ಎಂಬ ಹಾಡನ್ನು ಬೆಳೆಸಿದುದೂ ಇದೇ ಕಾರಣಕ್ಕೆ. ಮಾತಿನ ಎಲ್ಲೆ ಮುಗಿದಲ್ಲಿ ಉಸಿರು ಒಂದೇ ನಡೆಯಬಲ್ಲದು. ಆ ಪಂಥದ ಮೂಲಪುರುಷ, 1760ರಲ್ಲಿ ತೀರಿಕೊಂಡ ಬಾಲ್ ಷೇಮ್ ತೋವ್‌ನನ್ನು ಕುರಿತ ಐತಿಹ್ಯವೊಂದಿದೆ. ಉಪವಾಸದ ಮಹಾದಿನ ಅಕ್ಷರವರಿಯದ ಹುಡುಗನೊಬ್ಬನು ಪ್ರಾರ್ಥನೆಯ ನಡುವೆ ತನ್ನ ಕೊಳಲನ್ನು ಊದಿಬಿಟ್ಟನು. ಸಭೆ ಕೆರಳಿತು. ಗುರುವಾದರೋ, ನಮ್ಮೆಲ್ಲರ ಪ್ರಾರ್ಥನೆಗಳನ್ನೂ ಮೇಲಕ್ಕೆತ್ತಿದುದು ಈ ದನಿಯೇ ಎಂದನಂತೆ. ಆ ಗುರುವಿನ ಜಾಗದಲ್ಲಿ ಕುಳಿತಿದ್ದಾಗ ನಾವು ಮಾಡಿದುದೇನೆಂಬುದನ್ನು ವಾಚಕರು ಮೇಲೆ ಓದಿದ್ದಾರೆ.

ಇನ್ನೂ ಹಳೆಯದಾದ ಪ್ರಸಂಗವೊಂದು ನಮಗೆ ನೇರವಾಗಿ ತಾಕುತ್ತದೆ. ಹನ್ನ ಎಂಬ ಸ್ತ್ರೀ ಮಕ್ಕಳಿಲ್ಲದ ದುಃಖದಿಂದ ದೇವಸನ್ನಿಧಿಯಲ್ಲಿ ಪ್ರಾರ್ಥಿಸುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಪುರೋಹಿತನಾದ ಏಲಿಯು ಅವಳು ಕುಡಿದಿರುವಳೆಂದು ಬಗೆದು ಗದರಿಸಿದನು. ಅವಳು ತನ್ನ ನೋವನ್ನು ಹೇಳಿಕೊಂಡಾಗ ಅವನು ತನ್ನ ಮಾತನ್ನು ಬಿಟ್ಟು ಅವಳನ್ನು ಹರಸಿದನು. ಪ್ರಾರ್ಥನೆ ಹೇಗಿರಬೇಕೆಂಬ ಎಷ್ಟೋ ವಿಧಿಗಳನ್ನು ತಾಲ್ಮುದಿನ ಪಂಡಿತರು ಏಲಿಯಿಂದ ಪಡೆಯಲಿಲ್ಲ, ಈ ಹನ್ನಳಿಂದ ಪಡೆದರು. ಗದರಿಸಿದ ಗುರುವಿಗಿಂತ ಗದರಿಸಿಕೊಂಡ ಸ್ತ್ರೀ ಪ್ರಮಾಣಳಾದಳು.

ಇಷ್ಟೆಲ್ಲ ಹೇಳಿದಾಗ ಸಂಗೀತವಿದ್ಯೆಗೆ ಬೆಲೆಯಿಲ್ಲವೇ ಎಂದು ಯಾರಾದರೂ ಕೇಳಬಹುದು. ಬೆಲೆಯಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಗಾನವನ್ನು ಕಲಿಸಿ ಬದುಕು ಕೊಟ್ಟರು. ಅಲ್ಲಿ ವಿದ್ಯೆಯೇ ದಾಸೋಹವಾಯಿತು. ಮಲ್ಲಿಕಾರ್ಜುನ ಮನ್ಸೂರರಂಥ ಮಹಾಗಾಯಕರ ಕಂಠದಿಂದ ವಚನಗಳು ನಾಡಿನ ಆಚೆಗೂ ಹೋದುವು. ಸಾಧಕನ ಪಾಲಿಗೆ ಸ್ವರಸಾಧನೆ ಕಾಯಕವೇ ಸರಿ. ಒರಟಾಗಿ ಹಾಡುವುದರಲ್ಲಿ ಯಾವ ಪುಣ್ಯವೂ ಇಲ್ಲ. ಒರಟು ದನಿಗೂ ಅಹಂಕಾರ ಬರಬಲ್ಲದು. ನಾವು ಹೇಳುವುದಿಷ್ಟು: ಕಛೇರಿಗೆ ಒಂದು ಅಳತೆ, ಗೋಷ್ಠಿಗೆ ಇನ್ನೊಂದು. ಕಛೇರಿಯ ಅಳತೆಯನ್ನು ಗೋಷ್ಠಿಗೆ ತಂದಾಗ ಹಾಡು ಉಳಿದು ಹಾಡುವವರು ಹೊರಗಾಗುವರು.

ಎರಡು ಪರಂಪರೆಗಳೂ ಒಂದೇ ಎನ್ನುವುದು ನಮ್ಮ ಉದ್ದೇಶವಲ್ಲ. ಯೆಹೂದ್ಯರು ದೇವರಿಗೆ ಯಾವ ಕುರುಹನ್ನೂ ಒಪ್ಪರು. ನಾವು ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕಾಣುವವರು. ಅವರ ಗಾನಕ್ಕೆ ಒಂದು ಜನಾಂಗದ ಚರಿತ್ರೆಯ ನೆನಪು ಹಿನ್ನೆಲೆ. ನಮ್ಮದಕ್ಕೆ ಲಿಂಗಾಂಗ ಸಾಮರಸ್ಯದ ಹಂಬಲ. ಆದರೆ ಎರಡೂ ಹಾದಿಗಳು ಕೊನೆಗೆ ಮೌನದ ಬಳಿಗೆ ಬರುತ್ತವೆ. ಕಲ್ಯಾಣದ ಶರಣರ ಕಾಲದಲ್ಲಿಯೇ ಬದುಕಿದ್ದ ಯೆಹೂದ್ಯ ತತ್ತ್ವಜ್ಞ ಮೈಮೊನಿಡೀಸ್ (1138–1204) ದೇವರಿಗೆ ತಕ್ಕ ಸ್ತುತಿ ಮೌನವೇ ಎಂಬ ನಿಲುವಿಗೆ ಬಂದನು. ಅಲ್ಲಮಪ್ರಭುಗಳ ಬಯಲನ್ನು ಬಲ್ಲವರಿಗೆ ಇದು ಪರಕೀಯವಲ್ಲ. ಹಾಡದವನ ಮೌನಕ್ಕೂ ಹಾಡಿ ಮುಗಿಸಿದವನ ಮೌನಕ್ಕೂ ಅಂತರವಿದೆ. ಹಾಡು ಆ ಎರಡನೆಯ ಮೌನಕ್ಕೆ ಒಯ್ಯುವ ಮೆಟ್ಟಿಲು.

ಕೆಲವು ವರುಷಗಳ ಮೇಲೆ ಆ ತಾಯಿಯ ಹಳ್ಳಿಗೆ ಹೋದೆವು. ಆಕೆ ಆಗಲೇ ಲಿಂಗೈಕ್ಯಳಾಗಿದ್ದಳು. ಮನೆಯ ಸೊಸೆ ಚಾಪೆ ಹಾಸಿ ಕೂಡಿಸಿದಳು. ಅತ್ತೆಗೆ ನಮ್ಮ ಮೇಲೆ ಸಿಟ್ಟಿತ್ತೇ ಎಂದು ಕೇಳಿದೆವು. ‘ಇಲ್ಲರಿ ಬುದ್ಧಿ, ನನಗ ಬರೂದಿಲ್ಲ ಅನ್ನೂದು ನನಗ ಗೊತ್ತಿದ್ದಿಲ್ಲ ಅಂತಿದ್ದಳು’ ಎಂದಳು. ಮನೆಯಲ್ಲಿ ಕೊನೆಯವರೆಗೂ ಹಾಡುತ್ತಿದ್ದಳಂತೆ. ಹಾಡು ನಿಂತಿರಲಿಲ್ಲ, ಅದನ್ನು ಕೇಳುವ ಭಾಗ್ಯ ಮಠಕ್ಕೆ ತಪ್ಪಿತ್ತು. ಬಸವಣ್ಣನವರು ಬ್ರಹ್ಮಯ್ಯನನ್ನು ಮರಳಿ ಕರೆತಂದರು, ಏಲಿಯು ಹನ್ನಳನ್ನು ಹರಸಿದನು, ಅವರಿಗೆ ಸಮಯವಿತ್ತು. ನಮಗಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಗೋಷ್ಠಿಯ ಮೊದಲ ವಚನವನ್ನು ಹಾಡುವವರು ಇಂಥವರೇ ಎಂದು ಗೊತ್ತುಮಾಡುವುದಿಲ್ಲ. ಮೊದಲು ಬಂದು ಕುಳಿತವರು ಹಾಡುತ್ತಾರೆ. ಕೆಲವೊಮ್ಮೆ ಕೂಸು, ಕೆಲವೊಮ್ಮೆ ಹಮಾಲ, ಕೆಲವೊಮ್ಮೆ ಬಲ್ಲ ಗಾಯಕರು. ಆ ತರುಣ ಶಿಕ್ಷಕರಿಗೆ ಅಂದು ರಾತ್ರಿ ನಾವು ಹೇಳಿದುದೂ ಇಷ್ಟೇ: ಹಾಡು ಮುಗಿದ ಮೇಲೆ ರಾಗವೊಂದೇ ಉಳಿಯಿತೆಂದು ನಿಮಗೆ ಭಯವಾಯಿತಲ್ಲ, ಆ ಭಯವೇ ತಂತಿ ಬಿಗಿಯಾಗುತ್ತಿರುವ ಗುರುತು. ನಾಳೆ ತರಗತಿಯಲ್ಲಿ ಹಿಂದಿನ ಸಾಲಿನ ಮಗುವಿನ ಕಡೆಗೆ ನೋಡಿರಿ. ನುಡಿಸುವವನು ಅಲ್ಲಿಂದಲೂ ನುಡಿಸಬಹುದು.